ಮಳೆಯ ನಾಡಿನಲ್ಲಿ ಕಣ್ಣು ಒಣಗುವುದು ಹೇಗೆ? ಅವ್ವನ ಕಣ್ಣೀರಿನ ಬಗ್ಗೆ ಒಂದು ಪ್ರಶ್ನೆ

ನಾಪೋಕ್ಲಿನ ಮಗಳು · ಜನವರಿ 9, ರಾತ್ರಿ 8:40

ಎಲ್ಲರಿಗೂ ನಮಸ್ಕಾರ. ನಮ್ಮ ಅವ್ವನಿಗೆ 62 ವರ್ಷ. ಎರಡು ವರ್ಷಗಳಿಂದ ಅವರ ಎರಡೂ ಕಣ್ಣುಗಳಿಂದ ನೀರು ಸುರಿಯುತ್ತಿದೆ. ಬೆಳಿಗ್ಗೆ ಕಣದಲ್ಲಿ ಕಾಫಿ ಹರವುವಾಗ ತಣ್ಣನೆಯ ಗಾಳಿ ಮುಖಕ್ಕೆ ಬಡಿದರೆ ಸಾಕು, ಸೆರಗಿನ ತುದಿ ಒದ್ದೆಯಾಗುತ್ತದೆ. ಬಚ್ಚಲಿನ ಒಲೆಗೆ ಸೌದೆ ತುಂಬುವಾಗಲಂತೂ ಕೇಳುವುದೇ ಬೇಡ. ಸಂಜೆ ಟಿವಿ ಮುಂದೆ ಕುಳಿತರೆ ಕಣ್ಣೊಳಗೆ ಮರಳು ಬಿದ್ದ ಹಾಗಿದೆ ಎನ್ನುತ್ತಾರೆ.

ಕಳೆದ ವಾರ ಕಣ್ಣಿನ ವೈದ್ಯರಿಗೆ ತೋರಿಸಿದೆವು. ಅವರು ಎರಡು ನಿಮಿಷ ನೋಡಿ, "ಕಣ್ಣು ಒಣಗಿದೆ" ಎಂದು ಹೇಳಿ ಕೃತಕ ಕಣ್ಣೀರಿನ ಹನಿ ಬರೆದುಕೊಟ್ಟರು. ಹೊರಗೆ ಬಂದ ಅವ್ವ ಚೀಟಿಯನ್ನು ನಾಲ್ಕಾಗಿ ಮಡಚಿ ಚೀಲಕ್ಕೆ ಹಾಕಿದರು, ಔಷಧ ಕೊಳ್ಳಲು ಬಿಡಲಿಲ್ಲ. "ಸೋರುವ ಮನೆಗೆ ಮತ್ತೆ ನೀರು ಹೊರುತ್ತಾರೆಯೇ?" ಎಂದು ಕೇಳಿದರು. ನನ್ನ ಬಳಿ ಉತ್ತರ ಇರಲಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಗ್ಗದ ಮೇಲೆ ಹಾಕಿದ ಬಟ್ಟೆ ಒಣಗದ ಊರು ನಮ್ಮದು. ಇಲ್ಲಿ ಕಣ್ಣು ಒಣಗುವುದು ಹೇಗೆ? ನೀರು ಸುರಿಯುವ ಕಣ್ಣನ್ನು ಒಣಕಣ್ಣು ಎನ್ನುವುದು ಹೇಗೆ? ತಿಳಿದವರು ಬಿಡಿಸಿ ಹೇಳಬೇಕು.

ಕುಶಾಲನಗರ ಕಂಪ್ಯೂಟರ್ · ಜನವರಿ 9, ರಾತ್ರಿ 9:15

ನನಗೂ ಇದೇ ತೊಂದರೆ ಇದೆ, ವಯಸ್ಸು 31. ಮನೆಯಿಂದಲೇ ಕಂಪ್ಯೂಟರ್ ಕೆಲಸ ಮಾಡುತ್ತೇನೆ. ಮಧ್ಯಾಹ್ನ ಮೂರು ಗಂಟೆಯ ಹೊತ್ತಿಗೆ ಪರದೆಯ ಮೇಲಿನ ಅಕ್ಷರಗಳು ಮಸುಕಾಗುತ್ತವೆ, ಒಮ್ಮೆ ರೆಪ್ಪೆ ಬಡಿದರೆ ಸ್ಪಷ್ಟವಾಗುತ್ತವೆ, ಮತ್ತೆ ಮಸುಕು. ಕನ್ನಡಕ ಬದಲಿಸಿದರೂ ಹೋಗಲಿಲ್ಲ. ಉತ್ತರಕ್ಕಾಗಿ ನಾನೂ ಕಾಯುತ್ತಿದ್ದೇನೆ.

ವಿರಾಜಪೇಟೆಯ ಆಪ್ಟೊಮೆಟ್ರಿಸ್ಟ್ · ಜನವರಿ 10, ಬೆಳಿಗ್ಗೆ 6:30

ನಾಪೋಕ್ಲಿನ ತಂಗಿ, ನಿಮ್ಮ ಅವ್ವನ ಪ್ರಶ್ನೆಯೂ ಸರಿ, ವೈದ್ಯರ ಮಾತೂ ಸರಿ. ಎರಡರ ನಡುವೆ ಇರಬೇಕಾಗಿದ್ದ ಹತ್ತು ನಿಮಿಷದ ವಿವರಣೆ ಮಾತ್ರ ತಪ್ಪಿಹೋಗಿದೆ. ಹದಿನಾಲ್ಕು ವರ್ಷಗಳಿಂದ ಕಣ್ಣು ತಪಾಸಣೆಯ ಕೆಲಸದಲ್ಲಿದ್ದೇನೆ. ಕಣ್ಣೊರೆಸಿಕೊಳ್ಳುತ್ತಲೇ ಬಂದು, "ಒಣಗಿದೆ" ಎಂಬ ಮಾತು ಕೇಳಿ ನೊಂದುಕೊಂಡು ಹೋದವರನ್ನು ಬಹಳ ಕಂಡಿದ್ದೇನೆ. ಆದ್ದರಿಂದ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಕಣ್ಣೀರು ಬರೀ ನೀರಲ್ಲ, ಎಲ್ಲವೂ ಇಲ್ಲಿಂದಲೇ ಶುರುವಾಗುತ್ತದೆ. ಭಾಗಮಂಡಲದ ಸಂಗಮದಲ್ಲಿ ಕಾವೇರಿ, ಕನ್ನಿಕೆ ಕಣ್ಣಿಗೆ ಕಾಣುತ್ತವೆ, ಸುಜ್ಯೋತಿ ಮಾತ್ರ ನೆಲದಡಿಯಲ್ಲಿ ಬಂದು ಸೇರುತ್ತದೆ ಎಂದು ನಂಬುತ್ತೇವಲ್ಲವೇ? ಕಣ್ಣೀರಿನಲ್ಲಿಯೂ ಮೂರು ಧಾರೆಗಳು ಸೇರುತ್ತವೆ. ಒಂದು ಉಪ್ಪುನೀರು. ಅದರ ಬಹುಪಾಲು ಹುಬ್ಬಿನ ಹೊರತುದಿಯ ಕೆಳಗೆ, ಮೂಳೆಯ ಗುಳಿಯಲ್ಲಿ ಕುಳಿತ ದೊಡ್ಡ ಕಣ್ಣೀರಿನ ಗ್ರಂಥಿಯಿಂದ ಬರುತ್ತದೆ, ಉಳಿದದ್ದು ರೆಪ್ಪೆಯ ಒಳಮೈಯ ಸಣ್ಣ ಗ್ರಂಥಿಗಳಿಂದ. ಎರಡನೆಯದು ಎಣ್ಣೆ. ರೆಪ್ಪೆಯ ಅಂಚಿನಲ್ಲಿ, ಕೂದಲು ಹುಟ್ಟುವ ಸಾಲಿನ ಹಿಂದೆಯೇ, ಸೂಜಿಮೊನೆಯಷ್ಟು ಸಣ್ಣ ರಂಧ್ರಗಳ ಇನ್ನೊಂದು ಸಾಲು ಇದೆ. ಮೇಲಿನ ರೆಪ್ಪೆಯಲ್ಲಿ 25ರಿಂದ 40, ಕೆಳಗಿನದರಲ್ಲಿ 20ರಿಂದ 30. ಇವು ಮೈಬೋಮಿಯನ್ ಗ್ರಂಥಿಗಳ ಬಾಯಿಗಳು. 1666ರಲ್ಲಿ ಇವುಗಳನ್ನು ವಿವರಿಸಿದ ಜರ್ಮನ್ ವೈದ್ಯ ಹೈನ್ರಿಚ್ ಮೈಬೋಮ್ ಅವರ ಹೆಸರೇ ಉಳಿದಿದೆ. ಮೂರನೆಯದು ಲೋಳೆ. ಬಿಳಿಗುಡ್ಡೆಯನ್ನೂ ರೆಪ್ಪೆಯ ಒಳಮೈಯನ್ನೂ ಹೊದ್ದಿರುವ ತೆಳು ಪೊರೆಯಲ್ಲಿ ಹೂಜಿಯಾಕಾರದ ಜೀವಕೋಶಗಳಿವೆ, ಲೋಳೆ ಒಸರುವುದು ಅಲ್ಲಿಂದ. ಅದು ಯಾರ ಕಣ್ಣಿಗೂ ಕಾಣದ ಸುಜ್ಯೋತಿ.

ಲೋಳೆ ಏಕೆ ಬೇಕು? ಕೆಸುವಿನ ಎಲೆಯ ಮೇಲೆ ನೀರು ಹಾಕಿ ನೋಡಿ. ಹರಡುವುದಿಲ್ಲ, ಮುತ್ತಾಗಿ ಉರುಳಿ ಹೋಗುತ್ತದೆ. ಲೋಳೆಯ ಆಸರೆ ಇಲ್ಲದಿದ್ದರೆ ಕಪ್ಪುಗುಡ್ಡೆಯನ್ನು ಮುಚ್ಚಿರುವ ಗಾಜಿನಂಥ ಕಾರ್ನಿಯಾದ ಮೇಲೂ ನೀರು ಸಮನಾಗಿ ಹರಡಿ ನಿಲ್ಲಲಾರದು. ಎಣ್ಣೆ ಏಕೆ ಬೇಕು? ನೀರು ಆವಿಯಾಗಿ ಹಾರಿಹೋಗದಂತೆ ಮೇಲೆ ಮುಚ್ಚಳವಾಗಲು. ಒಂದೊಂದು ಬಾರಿ ರೆಪ್ಪೆ ಮುಚ್ಚಿ ತೆರೆದಾಗಲೂ ಈ ಮೂರನ್ನೂ ಹೊಸದಾಗಿ ಬಳಿದಂತಾಗುತ್ತದೆ.

ಇದೆಲ್ಲ ಸೇರಿ ಎಷ್ಟು? ಒಂದು ಕಣ್ಣಿನಲ್ಲಿ ಯಾವ ಹೊತ್ತಿಗೂ ಇರುವ ಕಣ್ಣೀರು ಸುಮಾರು 7 ಮೈಕ್ರೋಲೀಟರ್. ಔಷಧದ ಬಾಟಲಿಯಿಂದ ಬೀಳುವ ಒಂದು ಹನಿಯೇ 30ರಿಂದ 50 ಮೈಕ್ರೋಲೀಟರ್ ಇರುತ್ತದೆ. ಅಂದರೆ ಕಣ್ಣು ತನ್ನ ಸಂಸಾರವನ್ನು ಒಂದು ಹನಿಯ ಐದರಲ್ಲೊಂದು ಪಾಲಿನಲ್ಲಿ ನಡೆಸುತ್ತದೆ. ಕಾರ್ನಿಯಾದ ಮೇಲೆ ಹರಡಿದ ಆ ಪದರದ ದಪ್ಪ ಒಂದು ಮಿಲಿಮೀಟರ್‌ನ ಸಾವಿರದಲ್ಲಿ ಮೂರು ಭಾಗದಷ್ಟು. ಕಣ್ಣಿಗೆ ಬಂದ ಬೆಳಕು ಮೊದಲು ಬಾಗುವುದು ಈ ತೇವದ ಮೈಯಲ್ಲಿ. ಅದು ಅಲ್ಲಲ್ಲಿ ಹರಿದರೆ ನೋಟ ಮಸುಕಾಗುತ್ತದೆ, ರೆಪ್ಪೆ ಬಡಿದು ಮತ್ತೆ ಬಳಿದರೆ ಸ್ಪಷ್ಟವಾಗುತ್ತದೆ. ಕುಶಾಲನಗರದವರೇ, ನಿಮ್ಮ ಮಧ್ಯಾಹ್ನದ ಮಸುಕು ಬಹುತೇಕ ಇದೇ ಇರಬೇಕು. ಮಾತನಾಡುತ್ತಾ ಕುಳಿತವರು ನಿಮಿಷಕ್ಕೆ ಸುಮಾರು 15 ಬಾರಿ ರೆಪ್ಪೆ ಬಡಿಯುತ್ತಾರೆ, ಎವೆಯಿಕ್ಕದೆ ಪರದೆ ನೋಡುವವರಲ್ಲಿ ಅದು ಐದಾರಕ್ಕೆ ಇಳಿಯುತ್ತದೆ. ಬಡಿದದ್ದೂ ಅರ್ಧ ಮುಚ್ಚಿ ವಾಪಸಾಗುತ್ತದೆ. ನಿಮ್ಮ ಕನ್ನಡಕದ ತಪ್ಪಲ್ಲ.

ಈಗ ಅವ್ವನ ಪ್ರಶ್ನೆಗೆ ಬರುತ್ತೇನೆ. ಈ ಚಳಿಯಲ್ಲಿ ಬಚ್ಚಲಿನ ಗೂಡಿನಲ್ಲಿಟ್ಟ ಕೊಬ್ಬರಿ ಎಣ್ಣೆ ಹೇಗಿದೆ ನೋಡಿ. ಬಾಟಲಿ ಬೋರಲು ಹಾಕಿದರೂ ಬೀಳುವುದಿಲ್ಲ. ವಯಸ್ಸಾದಂತೆ ರೆಪ್ಪೆಯ ಎಣ್ಣೆಯೂ ಗಟ್ಟಿಯಾಗುತ್ತಾ ಹೋಗಿ ರಂಧ್ರಗಳು ಕಟ್ಟಿಕೊಳ್ಳುತ್ತವೆ. ಆಗ ಮುಚ್ಚಳವಿಲ್ಲದ ಪಾತ್ರೆಯಂತೆ ನೀರು ಬೇಗ ಆವಿಯಾಗುತ್ತದೆ. ಸಾರು ಕುದಿದು ಬತ್ತಿದರೆ ಉಪ್ಪು ಏರುವ ಹಾಗೆ, ಉಳಿದ ಕಣ್ಣೀರಿನಲ್ಲಿ ಉಪ್ಪಿನ ಅಂಶ ಏರುತ್ತದೆ. ಇಡೀ ದೇಹದಲ್ಲಿ ಕಾರ್ನಿಯಾದಷ್ಟು ದಟ್ಟವಾಗಿ ನೋವಿನ ನರತುದಿಗಳಿರುವ ಜಾಗ ಇನ್ನೊಂದಿಲ್ಲ. ಅವು ಆ ಉಪ್ಪನ್ನೂ ತಂಪನ್ನೂ ಗುರುತಿಸಿ ಮೆದುಳಿಗೆ ದೂರು ಒಯ್ಯುತ್ತವೆ. ಮೆದುಳು ದೊಡ್ಡ ಗ್ರಂಥಿಗೆ ಅಪ್ಪಣೆ ಕೊಡುತ್ತದೆ. ಗ್ರಂಥಿ ಒಮ್ಮೆಗೇ ನೀರು ಬಿಡುತ್ತದೆ, ನೀರು ಮಾತ್ರ. ಅದಕ್ಕೆ ತಕ್ಕ ಎಣ್ಣೆ ಇಲ್ಲ.

ಕೆರೆಯನ್ನು ನೆನೆಸಿಕೊಳ್ಳಿ. ಎರಡೂ ರೆಪ್ಪೆಗಳ ಒಳಮೂಲೆಯಲ್ಲಿ, ಮೂಗಿನ ಪಕ್ಕ, ಒಂದೊಂದು ಸಣ್ಣ ಚುಕ್ಕೆಯಂಥ ರಂಧ್ರ ಕಾಣುತ್ತದೆ, ಕನ್ನಡಿಯಲ್ಲಿ ರೆಪ್ಪೆಯನ್ನು ಸ್ವಲ್ಪ ಎಳೆದರೆ ನೀವೇ ನೋಡಬಹುದು. ಅದು ತೂಬು. ದಿನವಿಡೀ ನಿಮಿಷಕ್ಕೆ ಒಂದೆರಡು ಮೈಕ್ರೋಲೀಟರ್‌ನಂತೆ ಬರುವ ನೀರಿಗೆ ಆ ತೂಬು ಸಾಕು, ಅಲ್ಲಿಂದ ನಾಳದ ಮೂಲಕ ಮೂಗಿಗೆ ಇಳಿಯುತ್ತದೆ. ಅತ್ತಾಗ ಮೂಗು ಸೋರುವುದು ಇದರಿಂದಲೇ. ಒಮ್ಮೆಗೇ ನೀರು ನುಗ್ಗಿದರೆ ತೂಬು ಸಾಲದೆ ಕೆರೆ ಕೋಡಿ ಬೀಳುತ್ತದೆ. ಕಣ್ಣೀರು ಕೋಡಿಯಾಗಿ ಹರಿಯಿತು ಎಂದು ನಮ್ಮ ಹಿರಿಯರು ಹೇಳಿದ ಮಾತು ಶರೀರಶಾಸ್ತ್ರಕ್ಕೆ ಅಷ್ಟು ಹತ್ತಿರದ್ದು. ಹಾಗೆ ಕೋಡಿ ಬಿದ್ದ ನೀರು ಕೆನ್ನೆಗೆ ಹೋಯಿತು, ಉಳಿದದ್ದು ಎಣ್ಣೆಯಿಲ್ಲದೆ ಆವಿಯಾಯಿತು. ಐದು ನಿಮಿಷದಲ್ಲಿ ಕಣ್ಣು ಮತ್ತೆ ಒಣ. ಮತ್ತೆ ದೂರು, ಮತ್ತೆ ಕೋಡಿ.

ಊರಿನ ಮಳೆಯ ಬಗ್ಗೆ ಕೇಳಿದಿರಿ. ಈಗ ಜನವರಿ. ಹಗಲಿನ ಗಾಳಿ ಒಣಗಿದೆ, ಅದಕ್ಕೇ ತಾನೇ ಕಣದಲ್ಲಿ ಕಾಫಿ ಒಣಗುತ್ತಿರುವುದು? ಅದೇ ಕಣದಲ್ಲಿ ನಿಂತ ಅವ್ವನ ಕಣ್ಣೂ ಒಣಗುತ್ತದೆ. ಮಳೆಗಾಲದಲ್ಲಿ ಮನೆಯೊಳಗೆ ಸೌದೆಯ ಹೊಗೆ ಇರುತ್ತದೆ, ಅದರ ಉರಿ ಬೇರೆ.

ವೈದ್ಯರ ಬಳಿ ಇನ್ನೊಮ್ಮೆ ಕರೆದುಕೊಂಡು ಹೋಗಿ. ಎಣ್ಣೆಯ ಗ್ರಂಥಿಗಳನ್ನು ನೋಡಿದಿರಾ, ಕಣ್ಣೀರಿನ ಪದರ ಎಷ್ಟು ಸೆಕೆಂಡ್ ನಿಲ್ಲುತ್ತದೆ, ಮೂಗಿನ ನಾಳ ಕಟ್ಟಿದೆಯೇ ಎಂದು ಮೂರನ್ನೂ ಕೇಳಿ. ಅವ್ವ ದಿನವೂ ತೆಗೆದುಕೊಳ್ಳುವ ಮಾತ್ರೆಗಳನ್ನೂ ಒಯ್ಯಿರಿ. ಬರೆದುಕೊಟ್ಟ ಹನಿಯನ್ನು ಕೊಂಡು ಹಾಕಿಸಿ. ಕೋಡಿಯಲ್ಲಿ ಹೋಗುವ ನೀರಿಗೂ ಕೆರೆಯಲ್ಲಿ ನಿಲ್ಲಬೇಕಾದ ನೀರಿಗೂ ವ್ಯತ್ಯಾಸ ಇದೆ ಎಂದು ಅವರಿಗೆ ಹೇಳಿ.

ಸೋಮವಾರಪೇಟೆಯ ನಿವೃತ್ತ ಶಿಕ್ಷಕ · ಜನವರಿ 10, ಬೆಳಿಗ್ಗೆ 10:05

ಆಪ್ಟೊಮೆಟ್ರಿಸ್ಟ್ ತಾಯಿ, ಬಹಳ ಚೆನ್ನಾಗಿ ಬರೆದಿದ್ದೀರಿ. ಮೂವತ್ತು ವರ್ಷ ಜೀವಶಾಸ್ತ್ರ ಪಾಠ ಮಾಡಿದವನು ನಾನು, ಒಂದು ತಿದ್ದುಪಡಿ ಸೇರಿಸಲು ಅನುಮತಿ ಕೊಡಿ. ಎಣ್ಣೆ, ನೀರು, ಲೋಳೆ ಎಂದು ಮೂರು ಪದರಗಳನ್ನು ಒಂದರ ಮೇಲೊಂದು ಹಾಸಿದಂತೆ ಕಪ್ಪುಹಲಗೆಯ ಮೇಲೆ ನಾನೂ ಬರೆಯುತ್ತಿದ್ದೆ. ಈಗ ಹಾಗೆ ಹೇಳುವುದಿಲ್ಲ. ಲೋಳೆ ನೀರಿನ ಉದ್ದಗಲಕ್ಕೂ ಬೆರೆತು, ಕಾರ್ನಿಯಾದ ಹತ್ತಿರ ದಟ್ಟವಾಗಿ, ಮೇಲಕ್ಕೆ ಹೋದಂತೆ ತೆಳುವಾಗಿ ಇರುತ್ತದೆ. ನಿಮ್ಮ ಸಂಗಮದ ಹೋಲಿಕೆ ಆ ಹಳೆಯ ಚಿತ್ರಕ್ಕಿಂತ ಸತ್ಯಕ್ಕೆ ಹತ್ತಿರ. ಸಂಗಮದಲ್ಲಿ ನದಿಗಳು ಪದರ ಪದರವಾಗಿ ನಿಲ್ಲುವುದಿಲ್ಲವಲ್ಲ.

ದೂರು ಮತ್ತು ಅಪ್ಪಣೆಯ ದಾರಿಯನ್ನೂ ಹೇಳಿಬಿಡುತ್ತೇನೆ. ದೂರು ಒಯ್ಯುವುದು ಮುಖದ ಸ್ಪರ್ಶವನ್ನೆಲ್ಲ ತಿಳಿಸುವ ಐದನೆಯ ಕಪಾಲನರ. ಅಪ್ಪಣೆ ತರುವುದು ಏಳನೆಯ ನರದ ಎಳೆಗಳು, ಮೂಗಿನ ಹಿಂದಿರುವ ಒಂದು ನರಗಂಟಿನಲ್ಲಿ ತಂಗಿ ಗ್ರಂಥಿಗೆ ತಲುಪುತ್ತವೆ. ರೆಪ್ಪೆ ಮುಚ್ಚಿಸುವುದೂ ಏಳನೆಯ ನರವೇ. ಮುಖದ ಒಂದು ಪಕ್ಕ ಇದ್ದಕ್ಕಿದ್ದಂತೆ ಸೋತವರಿಗೆ ಆ ಕಣ್ಣು ಮುಚ್ಚಲಾಗದೆ ಒಣಗಿ ಹುಣ್ಣಾಗುವ ಭಯ ಇರುವುದು ಇದರಿಂದ. ಅಳುವಿನ ಕಣ್ಣೀರಿಗೆ ಮಾತ್ರ ದೂರು ಕಣ್ಣಿನಿಂದ ಬರುವುದಿಲ್ಲ, ಮೆದುಳಿನ ಭಾವಕೇಂದ್ರಗಳಿಂದಲೇ ಇಳಿಯುತ್ತದೆ. ಕೊನೆಯ ದಾರಿ ಒಂದೇ, ಹೊರಡುವ ಊರು ಬೇರೆ.

ತರಗತಿಯಲ್ಲಿ ಮಕ್ಕಳಿಗೆ ಬಹಳ ಇಷ್ಟವಾಗುತ್ತಿದ್ದ ಕಥೆಯೊಂದಿದೆ. ಪೆನಿಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ ಅದಕ್ಕೂ ಆರು ವರ್ಷ ಮೊದಲು, 1922ರಲ್ಲಿ, ಲೈಸೋಜೈಮ್ ಎಂಬ ಕಿಣ್ವದ ಬಗ್ಗೆ ಪ್ರಕಟಿಸಿದರು. ಮೊದಲು ಅದನ್ನು ಕಂಡದ್ದು ನೆಗಡಿಯ ಸಿಂಬಳದಲ್ಲಿ, ಆಮೇಲೆ ಕಣ್ಣೀರಿನಲ್ಲಿ. ಬ್ಯಾಕ್ಟೀರಿಯಾಗಳ ಹೊರಗೋಡೆಯನ್ನೇ ಅದು ಒಡೆಯುತ್ತದೆ. ಪ್ರಯೋಗಕ್ಕೆ ಕಣ್ಣೀರು ಬೇಕಲ್ಲ? ಪ್ರಯೋಗಾಲಯದ ಜೊತೆಗಾರರ ಕಣ್ಣಿಗೆ ನಿಂಬೆಸಿಪ್ಪೆಯ ರಸ ಹಿಂಡಿ ಸಂಗ್ರಹಿಸಿದರು. ಕೊಡಗಿನ ಕಿತ್ತಳೆ ಸುಲಿಯುವಾಗ ಸಿಪ್ಪೆಯ ಎಣ್ಣೆ ಕಣ್ಣಿಗೆ ಚಿಮ್ಮಿದ ಅನುಭವ ಇಲ್ಲಿ ಯಾರಿಗಿಲ್ಲ? ಆಗ ನಾವೆಲ್ಲ ಫ್ಲೆಮಿಂಗ್ ಅವರಿಗೆ ಬೇಕಾದ ವಸ್ತುವನ್ನೇ ಕೆನ್ನೆಗೆ ಸುರಿಸುತ್ತಿದ್ದೆವು.

ಇನ್ನೊಂದು ಮಾತು, ಸ್ವಲ್ಪ ದಾರಿ ಬಿಟ್ಟು. ಕಾರ್ನಿಯಾದಲ್ಲಿ ರಕ್ತನಾಳಗಳಿಲ್ಲ. ಇದ್ದಿದ್ದರೆ ಅದು ಪಾರದರ್ಶಕವಾಗಿ ಇರುತ್ತಿರಲಿಲ್ಲ. ಎಚ್ಚರವಿರುವಾಗ ಅದಕ್ಕೆ ಬೇಕಾದ ಆಮ್ಲಜನಕದ ಬಹುಪಾಲು ಗಾಳಿಯಿಂದ, ಕಣ್ಣೀರಿನಲ್ಲಿ ಕರಗಿ ಬರುತ್ತದೆ. ರಕ್ತನಾಳಗಳಿಲ್ಲದ ಕಾರಣ ಬೇರೊಬ್ಬರ ಕಾರ್ನಿಯಾವನ್ನು ದೇಹ ಸುಲಭವಾಗಿ ಒಪ್ಪಿಕೊಳ್ಳುತ್ತದೆ. 2021ರಲ್ಲಿ ಪುನೀತ್ ರಾಜ್‌ಕುಮಾರ್ ಅವರ ಎರಡು ಕಾರ್ನಿಯಾಗಳನ್ನು ಪದರ ಬಿಡಿಸಿ ನಾಲ್ವರಿಗೆ ಜೋಡಿಸಿದರು. ಅರ್ಧ ಮಿಲಿಮೀಟರ್ ದಪ್ಪದ ಅಂಗವನ್ನು ಇಬ್ಬರಿಗೆ ಹಂಚಬಹುದು ಎಂದು ಅಂದು ನಾಡಿಗೆಲ್ಲ ತಿಳಿಯಿತು. ನಾನು ಕಣ್ಣುದಾನಕ್ಕೆ ಹೆಸರು ಬರೆಸಿದ್ದು ಆ ವಾರವೇ.

ಭಾಗಮಂಡಲದ ಮೊಮ್ಮಗ · ಜನವರಿ 10, ಮಧ್ಯಾಹ್ನ 1:20

ನಮ್ಮ ಅಜ್ಜಿ ನಂದಿಬಟ್ಟಲು ಹೂವನ್ನು ರಾತ್ರಿ ನೀರಿನಲ್ಲಿ ನೆನೆಹಾಕಿ, ಬೆಳಿಗ್ಗೆ ಆ ನೀರನ್ನು ಕಣ್ಣಿಗೆ ಬಿಡುತ್ತಿದ್ದರು. ಅವರು 88 ವರ್ಷದವರೆಗೂ ಅಕ್ಕಿಯಲ್ಲಿ ಕಲ್ಲು ಆರಿಸಿದವರು. ಹಳೆಯದನ್ನೆಲ್ಲ ಬಿಡಬೇಕೆಂದು ನನಗೆ ಅನ್ನಿಸುವುದಿಲ್ಲ. ಅಕ್ಕ, ಇದಕ್ಕೆ ನೀವು ಏನು ಹೇಳುತ್ತೀರಿ?

ವಿರಾಜಪೇಟೆಯ ಆಪ್ಟೊಮೆಟ್ರಿಸ್ಟ್ · ಜನವರಿ 10, ಸಂಜೆ 7:10

ತಮ್ಮಾ, ಅಜ್ಜಿಯ ಕೈಯ ತಂಪನ್ನು ಅಲ್ಲಗಳೆಯುವ ಮನಸ್ಸು ನನಗಿಲ್ಲ. ಮುಚ್ಚಿದ ರೆಪ್ಪೆಯ ಮೇಲೆ ತೊಳೆದ ಹೂವನ್ನಿಟ್ಟರೆ ತುರಿಕೆ, ಉರಿ ಇಳಿಯುತ್ತದೆ. ತಂಪಿನ ಗುಣ ಅದು. ಆದರೆ ಆ ನೀರನ್ನು ಕಣ್ಣೊಳಗೆ ಬಿಡಬೇಡಿ. ನಂದಿಬಟ್ಟಲಿನ ತೊಟ್ಟು ಮುರಿದರೆ ಬಿಳಿ ಹಾಲು ಬರುತ್ತದೆ, ಅದು ಕಣ್ಣಿಗೆ ಉರಿ. ರಾತ್ರಿಯಿಡೀ ನೆನೆದ ನೀರಿನಲ್ಲಿ ಏನೇನು ಬೆಳೆದಿರುತ್ತದೋ ಕಾಣುವುದಿಲ್ಲ. ಲೈಸೋಜೈಮ್ ಎಷ್ಟೇ ಗಟ್ಟಿಗನಾದರೂ ಶಿಲೀಂಧ್ರದ ಮುಂದೆ ಅದರ ಆಟ ಹೆಚ್ಚು ನಡೆಯುವುದಿಲ್ಲ.

ಇನ್ನೊಂದು ವ್ಯತ್ಯಾಸ ನೆನಪಿರಲಿ: ತುರಿಕೆಯ ಕಣ್ಣಿಗೆ ತಂಪು, ಎಣ್ಣೆ ಕಟ್ಟಿದ ರೆಪ್ಪೆಗೆ ಬಿಸಿ. ಹೆಪ್ಪುಗಟ್ಟಿದ ಎಣ್ಣೆಯ ಮೇಲೆ ತಣ್ಣೀರು ಹಾಕಿದರೆ ಅದು ಕರಗುವುದಿಲ್ಲ.

ಪಾಲಿಬೆಟ್ಟದ ತೋಟಗಾರ · ಜನವರಿ 11, ರಾತ್ರಿ 9:50

ಶಿಲೀಂಧ್ರದ ಮಾತು ಬಂದದ್ದರಿಂದ ಬರೆಯುತ್ತಿದ್ದೇನೆ. ಆರು ವರ್ಷಗಳ ಹಿಂದೆ, ರೊಬಸ್ಟಾ ಕಾಫಿ ಕೊಯ್ಲಿನ ಕಾಲ. ಬಗ್ಗಿಸಿ ಹಿಡಿದಿದ್ದ ಕೊಂಬೆ ಕೈ ತಪ್ಪಿ ಚಿಮ್ಮಿ ನನ್ನ ಎಡಗಣ್ಣಿಗೆ ಬಡಿಯಿತು. ನೀರು ಧಾರಾಕಾರವಾಗಿ ಬಂತು. ತೊಟ್ಟಿಯ ನೀರಿನಲ್ಲಿ ಮುಖ ತೊಳೆದು ಕೆಲಸ ಮುಂದುವರಿಸಿದೆ. ಸಂಜೆಗೆ ಕಣ್ಣು ಕೆಂಡದಂತಾಗಿತ್ತು. ಔಷಧದ ಅಂಗಡಿಯೊಂದರಲ್ಲಿ ಕೇಳಿದಾಗ ಒಂದು ಹನಿ ಕೊಟ್ಟರು. ಎರಡೇ ದಿನದಲ್ಲಿ ಕೆಂಪು ಇಳಿಯಿತು. ಗುಣವಾಯಿತೆಂದು ಮರಗಸಿಯ (ನೆರಳುಮರದ ಕೊಂಬೆ ಕಡಿಯುವ ಕೆಲಸ) ಲೆಕ್ಕ ನೋಡುತ್ತಾ ತೋಟದಲ್ಲಿಯೇ ಇದ್ದೆ. ಐದನೆಯ ದಿನ ಕಪ್ಪುಗುಡ್ಡೆಯ ಮೇಲೆ ಬೂದುಬಣ್ಣದ ಚುಕ್ಕೆ ಕಂಡಿತು, ಅಂಚು ನಯವಿರಲಿಲ್ಲ, ಗರಿಯಂತೆ ಹರಡಿತ್ತು.

ಮೈಸೂರಿಗೆ ಹೋದಾಗ ತಿಳಿದದ್ದು: ಆ ಹನಿಯಲ್ಲಿ ಸ್ಟೀರಾಯ್ಡ್ ಇತ್ತು. ಗಾಯದ ಮೂಲಕ ಒಳಹೊಕ್ಕಿದ್ದ ಶಿಲೀಂಧ್ರಕ್ಕೆ ಅದು ಬಾಗಿಲು ತೆರೆದುಕೊಟ್ಟಂತಾಗಿತ್ತು. ಕೆಂಪು ಇಳಿದದ್ದು ದೇಹದ ಕಾವಲು ಇಳಿದದ್ದರ ಗುರುತು ಎಂದು ಅಲ್ಲಿನ ವೈದ್ಯರು ಹೇಳಿದಾಗ ನನ್ನ ಕೈ ನಡುಗಿತು. ನಾಟಮೈಸಿನ್ ಎಂಬ ಹನಿಯನ್ನು ಗಂಟೆಗೊಮ್ಮೆ, ರಾತ್ರಿಯೂ ಎದ್ದು, ಹಾಕಬೇಕಾಯಿತು. ಹೆಂಡತಿ ಮೊಬೈಲ್‌ನಲ್ಲಿ ಅಲಾರಾಂ ಇಟ್ಟು ಮೂರು ವಾರ ನಿದ್ದೆಗೆಟ್ಟಳು. ಕಣ್ಣು ಉಳಿಯಿತು, ಬಿಳಿ ಕಲೆಯೂ ಉಳಿಯಿತು. ಎದುರಿನ ವಾಹನದ ದೀಪ ಆ ಕಣ್ಣಿಗೆ ಈಗಲೂ ನಕ್ಷತ್ರದಂತೆ ಒಡೆದು ಕಾಣುತ್ತದೆ.

ಈಗ ನಮ್ಮ ತೋಟದಲ್ಲಿ ಕೊಯ್ಲಿಗೂ ಗಿಡ ಸವರುವ ಕಪಾತಿಗೂ ಎಲ್ಲರಿಗೂ ಸಾದಾ ರಕ್ಷಣಾ ಕನ್ನಡಕ ಕೊಡುತ್ತೇನೆ. ಮೊದಲ ವರ್ಷ ಬೆವರಿಗೆ ಮಂಜು ಕಟ್ಟುತ್ತದೆ ಎಂದು ತೆಗೆದಿಡುತ್ತಿದ್ದರು. ನನ್ನ ಕಣ್ಣಿನ ಕಲೆಯನ್ನು ಹತ್ತಿರದಿಂದ ತೋರಿಸಿದೆ. ಆಮೇಲೆ ಹಾಕಿಕೊಂಡರು.

ವಿರಾಜಪೇಟೆಯ ಆಪ್ಟೊಮೆಟ್ರಿಸ್ಟ್ · ಜನವರಿ 12, ಬೆಳಿಗ್ಗೆ 6:15

ಅಣ್ಣ, ಇದನ್ನು ಬರೆದದ್ದಕ್ಕೆ ನಿಮಗೆ ಕೈ ಮುಗಿಯುತ್ತೇನೆ. ಎಲ್ಲರಿಗೂ ಹೇಳುವುದು ಇಷ್ಟು. ಕಾರ್ನಿಯಾದ ಹೊರಮೈಯಲ್ಲಿ ಐದಾರು ಸಾಲು ಜೀವಕೋಶಗಳ ತೆಳು ಹೊದಿಕೆ ಇದೆ, ಒಂದು ವಾರ ಹತ್ತು ದಿನಕ್ಕೆ ಅದು ಪೂರ್ತಿ ಹೊಸದಾಗುತ್ತದೆ. ಬರೀ ತರಚಿದ್ದರೆ ಒಂದೆರಡು ದಿನದಲ್ಲಿ ಮುಚ್ಚಿಕೊಳ್ಳುತ್ತದೆ. ಎಲೆ, ಕಡ್ಡಿ, ಭತ್ತದ ಹೊಟ್ಟು ತಗುಲಿದ ಗಾಯ ಮಾತ್ರ ಬೇರೆ ಮಾತು. ಮರುದಿನವೂ ನೋವು, ಬೆಳಕು ನೋಡಲಾಗದ ಸ್ಥಿತಿ, ಮಸುಕು ಇದ್ದರೆ ಅಂದೇ ಕಣ್ಣಿನ ವೈದ್ಯರ ಬಳಿ ಹೋಗಿ. ಅಂಗಡಿಯ ಹನಿ ಬೇಡ. ಮನೆಯಲ್ಲಿ ಯಾರದೋ ಉಳಿದ ಬಾಟಲಿಯೂ ಬೇಡ.

ಗೋಣಿಕೊಪ್ಪದ ಹೊಸ ತಾಯಿ · ಜನವರಿ 12, ಮಧ್ಯಾಹ್ನ 3:30

ಅಕ್ಕ, ನನ್ನ ಮಗುವಿಗೆ ಎರಡೂವರೆ ತಿಂಗಳು. ಬಲಗಣ್ಣಿನಲ್ಲಿ ಯಾವಾಗಲೂ ನೀರು ನಿಂತಿರುತ್ತದೆ, ಬೆಳಿಗ್ಗೆ ಪಿಸುರು ಅಂಟಿರುತ್ತದೆ. ಕಣ್ಣು ಕೆಂಪಾಗಿಲ್ಲ. ಅತ್ತೆಯವರು ಕಾಡಿಗೆ ಹಚ್ಚು ಎನ್ನುತ್ತಾರೆ. ಹುಟ್ಟಿದ ಹೊಸತರಲ್ಲಿ ಎಷ್ಟು ಅತ್ತರೂ ಕಣ್ಣೀರೇ ಬರುತ್ತಿರಲಿಲ್ಲ, ಈಗ ಅಳದೆಯೇ ಬರುತ್ತಿದೆ.

ವಿರಾಜಪೇಟೆಯ ಆಪ್ಟೊಮೆಟ್ರಿಸ್ಟ್ · ಜನವರಿ 12, ರಾತ್ರಿ 8:00

ತಂಗಿ, ಮೊದಲ ಕೆಲವು ವಾರ ಅಳುವಿಗೆ ಕಣ್ಣೀರು ಉಕ್ಕದಿರುವುದು ಸಹಜ. ಕಣ್ಣು ತೇವವಾಗಿರಲು ಬೇಕಾದಷ್ಟು ಆಗಲೂ ಇರುತ್ತದೆ. ಗ್ರಂಥಿ ಚುರುಕಾದ ಮೇಲೆ ನೀರು ಹೆಚ್ಚಿತು, ತೂಬಿನ ನಾಳ ಮಾತ್ರ ಇನ್ನೂ ತೆರೆದಿಲ್ಲ, ಹಾಗಾಗಿರಬೇಕು. ನಾಳ ಮೂಗಿಗೆ ಸೇರುವ ಕೊನೆಯಲ್ಲಿ ಒಂದು ತೆಳು ಪೊರೆ ಇರುತ್ತದೆ, ಕೆಲವು ಮಕ್ಕಳಲ್ಲಿ ಹುಟ್ಟುವ ಹೊತ್ತಿಗೆ ಅದು ಬಿಟ್ಟಿರುವುದಿಲ್ಲ. ಹೆಚ್ಚಿನ ಮಕ್ಕಳಿಗೆ ವರ್ಷ ತುಂಬುವುದರೊಳಗೆ ತಾನಾಗಿಯೇ ತೆರೆಯುತ್ತದೆ. ಕಣ್ಣಿನ ಒಳಮೂಲೆಯಲ್ಲಿ, ಮೂಗಿನ ಮೂಳೆಯ ಪಕ್ಕ, ಕಿರುಬೆರಳಿನಿಂದ ಮೇಲಿನಿಂದ ಕೆಳಕ್ಕೆ ಒತ್ತಿ ನೀವುವ ಕ್ರಮ ಇದೆ. ಮಕ್ಕಳ ವೈದ್ಯರು ಒಮ್ಮೆ ಕೈಹಿಡಿದು ತೋರಿಸಲಿ, ಆಮೇಲೆ ನೀವೇ ಮಾಡಬಹುದು. ಉಗುರು ಕತ್ತರಿಸಿರಲಿ.

ಕಾಡಿಗೆ ಬೇಡ. ಬೆರಳಿನ ಕೊಳೆ ಕಣ್ಣಿಗೆ ಹೋಗುತ್ತದೆ, ಅಂಗಡಿಯ ಕೆಲವು ಕಾಡಿಗೆಗಳಲ್ಲಿ ಸೀಸವೂ ಇರುತ್ತದೆ. ದೃಷ್ಟಿಬೊಟ್ಟನ್ನು ಅಂಗಾಲಿಗೆ ಇಡಿ ಎಂದು ಅತ್ತೆಯವರಿಗೆ ಹೇಳಿ, ಒಪ್ಪುತ್ತಾರೆ. ಆದರೆ ಮಗು ಬೆಳಕಿಗೆ ಮುಖ ತಿರುಗಿಸುತ್ತಿದ್ದರೆ, ಕಪ್ಪುಗುಡ್ಡೆ ದೊಡ್ಡದಾಗಿ ಅಥವಾ ಮಬ್ಬಾಗಿ ಕಂಡರೆ ಒಂದು ದಿನವೂ ತಡಮಾಡಬೇಡಿ. ಅದು ಕಣ್ಣಿನ ಒತ್ತಡದ ಕಾಯಿಲೆ ಇರಬಹುದು. ಒಳಮೂಲೆ ಕೆಂಪಾಗಿ ಊದಿಕೊಂಡರೂ ತಡಮಾಡಬೇಡಿ.

ಮಕ್ಕಂದೂರಿನವನು · ಜನವರಿ 14, ರಾತ್ರಿ 11:25

ಎರಡು ದಿನ ಯೋಚಿಸಿ ಬರೆಯುತ್ತಿದ್ದೇನೆ. 2018ರ ಆಗಸ್ಟ್‌ನಲ್ಲಿ ಗುಡ್ಡ ಜರಿದಾಗ ನಮ್ಮ ಮನೆ, ಕೊಟ್ಟಿಗೆ, ಎರಡು ಎಕರೆ ತೋಟ ಹೋದವು. ಪರಿಹಾರ ಕೇಂದ್ರದಲ್ಲಿ ಎಲ್ಲರೂ ಅತ್ತರು. ನಮ್ಮ ಅಮ್ಮ ಅಳಲಿಲ್ಲ. ಮುಖ ಕಿವುಚಿಕೊಂಡು, ಭುಜ ಅಲುಗುತ್ತಿತ್ತು, ಆದರೆ ಕಣ್ಣಿನಲ್ಲಿ ಒಂದು ಹನಿಯೂ ಇರಲಿಲ್ಲ. "ಕಲ್ಲಿನಂಥ ಹೆಂಗಸು" ಎಂದು ಹತ್ತಿರದವರೇ ಹೇಳಿದ್ದು ನನ್ನ ಕಿವಿಗೂ ಬಿತ್ತು, ಅಮ್ಮನ ಕಿವಿಗೂ ಬಿತ್ತು. ನಾಲ್ಕು ವರ್ಷಗಳ ನಂತರ, ಬಾಯಿ ಒಣಗಿ ಅಕ್ಕಿ ರೊಟ್ಟಿ ನುಂಗಲಾಗದೆ ಆಸ್ಪತ್ರೆಗೆ ಹೋದಾಗ ಶೋಗ್ರೆನ್ಸ್ ಎಂಬ ಕಾಯಿಲೆ ಎಂದರು. ಈರುಳ್ಳಿ ಹೆಚ್ಚಿದರೂ ತನಗೆ ಕಣ್ಣೀರು ಬರುವುದಿಲ್ಲ ಎಂದು ಅಮ್ಮ ಆಗ ಹೇಳಿದರು. ಎಷ್ಟೋ ವರ್ಷಗಳಿಂದ ಹಾಗೆಯೇ ಇತ್ತಂತೆ. ಅದನ್ನು ಯಾರಿಗೂ ಹೇಳಬೇಕೆಂದು ಅವರಿಗೆ ಅನ್ನಿಸಿರಲಿಲ್ಲ.

ಸೋಮವಾರಪೇಟೆಯ ನಿವೃತ್ತ ಶಿಕ್ಷಕ · ಜನವರಿ 15, ಬೆಳಿಗ್ಗೆ 7:00

ಮಗನೇ, ಓದಿ ಬಹಳ ಹೊತ್ತು ಸುಮ್ಮನೆ ಕುಳಿತೆ. ಸ್ವೀಡನ್ನಿನ ಕಣ್ಣಿನ ವೈದ್ಯ ಹೆನ್ರಿಕ್ ಶೋಗ್ರೆನ್ 1933ರಲ್ಲಿ ವಿವರಿಸಿದ ಕಾಯಿಲೆ ಅದು. ದೇಹದ ರೋಗನಿರೋಧಕ ಕಣಗಳೇ ಕಣ್ಣೀರು ಮತ್ತು ಜೊಲ್ಲಿನ ಗ್ರಂಥಿಗಳ ಮೇಲೆ ಬೀಳುತ್ತವೆ. ಹೆಚ್ಚಾಗಿ ಬರುವುದು ಹೆಂಗಸರಿಗೆ, ನಡುವಯಸ್ಸಿನಲ್ಲಿ. ಅಳುವಿಗೂ ಈರುಳ್ಳಿಗೂ ನೀರು ಕೊಡುವುದು ಅದೇ ದೊಡ್ಡ ಗ್ರಂಥಿ. ಅದೇ ಬತ್ತಿದ ಮೇಲೆ ಮೆದುಳು ಎಷ್ಟು ಅಪ್ಪಣೆ ಕಳುಹಿಸಿದರೂ ಕಣ್ಣಿಗೆ ಏನು ಬಂದೀತು? ನಿಮ್ಮ ಅಮ್ಮ ಅತ್ತಿದ್ದರು. ಅಂದು ಮಾತನಾಡಿದವರಿಗೆ ಇದನ್ನು ತೋರಿಸಿ.

ನಾಪೋಕ್ಲಿನ ಮಗಳು · ಫೆಬ್ರುವರಿ 20, ರಾತ್ರಿ 8:15

ಎಲ್ಲರಿಗೂ ಮತ್ತೆ ನಮಸ್ಕಾರ. ಮಕ್ಕಂದೂರಿನ ಅಣ್ಣ ಬರೆದದ್ದನ್ನು ಅವ್ವನಿಗೆ ಓದಿ ಹೇಳಿದೆ. ಅದನ್ನು ಕೇಳಿದ ಮೇಲೆಯೇ ಮತ್ತೆ ತಪಾಸಣೆಗೆ ಬರಲು ಒಪ್ಪಿದರು.

ಈ ಸಲದ ವೈದ್ಯರು ಬಹಳ ಹೊತ್ತು ನೋಡಿದರು. ಕೆಳರೆಪ್ಪೆಗೆ ಸೋಸುಕಾಗದದ ಸಣ್ಣ ಪಟ್ಟಿ ಸಿಕ್ಕಿಸಿ ಐದು ನಿಮಿಷ ಕೂರಿಸಿದರು. ಶಿರ್ಮರ್ ಪರೀಕ್ಷೆಯಂತೆ, 1903ರಿಂದ ಇದೆಯಂತೆ. 14 ಮಿಲಿಮೀಟರ್ ಒದ್ದೆಯಾಯಿತು. ಅಂದರೆ ನೀರಿನ ಗ್ರಂಥಿಗೆ ತೊಂದರೆ ಇಲ್ಲ ಎಂದರು. ಆಮೇಲೆ ಹಳದಿ ಬಣ್ಣ ಹಾಕಿ, ನೀಲಿ ಬೆಳಕಿನಲ್ಲಿ, ರೆಪ್ಪೆ ಬಡಿಯದೆ ನೋಡು ಎಂದರು. ಹತ್ತು ಸೆಕೆಂಡಾದರೂ ನಿಲ್ಲಬೇಕಾದ ಪದರ ನಾಲ್ಕನೆಯ ಸೆಕೆಂಡಿಗೆ ಹರಿಯಿತು. ರೆಪ್ಪೆಯ ಅಂಚನ್ನು ಒತ್ತಿದಾಗ ತಿಳಿ ಎಣ್ಣೆಯ ಬದಲು ಬಿಳಿಯ ಗಟ್ಟಿ ಎಳೆ ಹೊರಬಂದದ್ದನ್ನು ನನಗೂ ತೋರಿಸಿದರು. ಅಕ್ಕ, ನೀವು ಹೇಳಿದ ಜನವರಿಯ ಕೊಬ್ಬರಿ ಎಣ್ಣೆಯೇ ಅದು! ಅವ್ವ ನೆಗಡಿಗೆಂದು ದಿನವೂ ರಾತ್ರಿ ನುಂಗುತ್ತಿದ್ದ ಅಲರ್ಜಿಯ ಮಾತ್ರೆಯೂ ಕಣ್ಣನ್ನು ಒಣಗಿಸುತ್ತದೆ ಎಂದು ಅದನ್ನು ಬದಲಿಸಿಕೊಟ್ಟರು.

ಈಗ ಬೆಳಿಗ್ಗೆ ಹಂಡೆಯ ನೀರು ಕಾದೊಡನೆ ಅವ್ವ ಶುದ್ಧವಾದ ಬಟ್ಟೆ ಅದ್ದಿ ಹಿಂಡಿ, ಮಣಿಕಟ್ಟಿಗೆ ತಾಗಿಸಿ ಬಿಸಿ ನೋಡಿ, ಮುಚ್ಚಿದ ಕಣ್ಣಿನ ಮೇಲೆ ಹತ್ತು ನಿಮಿಷ ಇಟ್ಟುಕೊಳ್ಳುತ್ತಾರೆ. ಆರಿದರೆ ಮತ್ತೆ ಅದ್ದುತ್ತಾರೆ. ಆಮೇಲೆ ರೆಪ್ಪೆಯ ಅಂಚನ್ನು ಮೆಲ್ಲಗೆ ನೀವಿಕೊಂಡು ಹನಿ ಹಾಕಿಕೊಳ್ಳುತ್ತಾರೆ. ಒಲೆಗೆ ಸೌದೆ ತುಂಬುವ ಕೆಲಸ ಈಗ ನನ್ನದು. ಐದು ವಾರವಾಯಿತು. ಸಂಜೆಯ ಮರಳು ಬಹಳ ಕಡಿಮೆ. ಗಾಳಿಗೆ ನೀರು ಇನ್ನೂ ಬರುತ್ತದೆ, ಆದರೆ ಸೆರಗು ಒದ್ದೆಯಾಗುವಷ್ಟಿಲ್ಲ.

ಅವ್ವನದೇ ಒಂದು ಪ್ರಶ್ನೆ ಇದೆ. ಹನಿ ಹಾಕಿದ ಸ್ವಲ್ಪ ಹೊತ್ತಿಗೆ ಗಂಟಲಿನಲ್ಲಿ ಏನೋ ರುಚಿ ಬರುತ್ತದಂತೆ. ಔಷಧ ಹೊಟ್ಟೆಗೆ ಹೋದರೆ ತೊಂದರೆಯೇ?

ವಿರಾಜಪೇಟೆಯ ಆಪ್ಟೊಮೆಟ್ರಿಸ್ಟ್ · ಫೆಬ್ರುವರಿ 20, ರಾತ್ರಿ 9:00

ಕೃತಕ ಕಣ್ಣೀರಿನಿಂದ ತೊಂದರೆ ಇಲ್ಲ. ಕಣ್ಣಿನ ಒತ್ತಡದ ಔಷಧದಂಥ ಹನಿಗಳಲ್ಲಿ ಮಾತ್ರ ಅದನ್ನು ತಡೆಯಬೇಕಾಗುತ್ತದೆ. ಹನಿ ಹಾಕಿ ಕಣ್ಣು ಮುಚ್ಚಿ, ಮೂಗಿನ ಪಕ್ಕದ ಒಳಮೂಲೆಯನ್ನು ಬೆರಳಿನಿಂದ ಒಂದೆರಡು ನಿಮಿಷ ಒತ್ತಿಕೊಂಡರೆ ತೂಬು ಮುಚ್ಚಿದಂತಾಗಿ ಹನಿ ಕಣ್ಣಿನಲ್ಲಿಯೇ ನಿಲ್ಲುತ್ತದೆ. ಅವ್ವನೂ ಹಾಗೆ ಮಾಡಲಿ, ಹನಿಯ ಪ್ರಯೋಜನ ಹೆಚ್ಚು ಹೊತ್ತು ಸಿಗುತ್ತದೆ. ಒಮ್ಮೆಗೆ ಒಂದೇ ಹನಿ ಸಾಕು ಎಂದೂ ಹೇಳಿ, ಎರಡನೆಯದಕ್ಕೆ ಕಣ್ಣಿನಲ್ಲಿ ಜಾಗ ಇರುವುದಿಲ್ಲ.

ಆ ರುಚಿ ಬಂದದ್ದು ಒಳ್ಳೆಯ ಸುದ್ದಿ ತಂಗಿ. ಕಣ್ಣಿನಿಂದ ಗಂಟಲಿನವರೆಗಿನ ನಾಳ ತೆರೆದಿದೆ ಎಂದು ಅದರಿಂದಲೇ ಗೊತ್ತಾಗುತ್ತದೆ.